ಮೂವತ್ತನೆಯ ನಿಮಿಷ

ಬೆಟಗೇರಿ, ಬಿಡುದಿನ ಮೂರು, 2191

ವಿರೂಪಾಕ್ಷಜ್ಜನವರಿಗೆ ಹೂವಕ್ಕನ ನಮಸ್ಕಾರಗಳು.

ಈ ತಾರೀಖು ಕಂಡು ಗಾಬರಿಯಾಗಬೇಡಿ. ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಉಳಿಸಿಕೊಂಡ ಐದು ದಿನಗಳನ್ನು ನಾವು ಬಿಡುದಿನ ಎನ್ನುತ್ತೇವೆ. ಆಗ ಊರಿನ ಯಂತ್ರಗಳೆಲ್ಲ ನಿಂತು, ಕೈಯಿಂದಾಗುವ ಕೆಲಸವಷ್ಟೇ ನಡೆಯುತ್ತದೆ. ಇನ್ನೂರು ವರ್ಷ ಹಿಂದಿರುವ ನಿಮಗಿನ್ನೂ ಮೂವತ್ತೆರಡು, ನನಗೆ ಅರವತ್ತು. ಆದರೂ ಅಜ್ಜ ಎಂದಿದ್ದಕ್ಕೂ, ನನ್ನ ಮಾತು ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆಯಿರಲಿ.

ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತು ಬರೀ ಕೈಮಗ್ಗದ ಸದ್ದಿನಿಂದ ನೀವು ಸಂಗೀತ ಕಟ್ಟಿದ ಕ್ಯಾಸೆಟ್ಟು ನಮ್ಮ ದನಿಮನೆಯಲ್ಲಿದೆ. ದನಿಮನೆ ಎಂದರೆ ಹಳೆಯ ಸದ್ದುಗಳನ್ನು ಕಾಯುವ ಕಚೇರಿ. ನಾನು ಅಲ್ಲಿ ಟೇಪು ತಿರುಗಿಸುವವಳು. ಅಂಚೆಯಲ್ಲಿ ಕೈಯಿಂದ ಕೈಗೆ ಹೋದ ಅದನ್ನು ಕೇಳಿದವರು ಇಪ್ಪತ್ತೊಂಬತ್ತು ಜನ. ನಿಮ್ಮ ಕಟ್ಟಳೆಯಂತೆ ಪ್ರತಿಯೊಬ್ಬರೂ ನಿಮ್ಮದೊಂದು ನಿಮಿಷ ಅಳಿಸಿ ತಮ್ಮದನ್ನು ತುಂಬಿದ್ದಾರೆ. ಒಬ್ಬರದು ಬೋರಿಂಗಿನ ಕೈಪಂಪು ಜಗ್ಗುವ ಸದ್ದು, ಇನ್ನೊಬ್ಬರದು ರೊಟ್ಟಿ ಬಡಿಯುವುದು, ಒಬ್ಬ ಪುಣ್ಯಾತ್ಮ ನಿಮಿಷವಿಡೀ ಕೆಮ್ಮಿದ್ದಾನೆ. ಮೂವತ್ತು ನಿಮಿಷಗಳಲ್ಲಿ ನಿಮ್ಮದಾಗಿ ಉಳಿದಿರುವುದು ಕೊನೆಯದೊಂದೇ. ಅದರಲ್ಲಿ ಮಗ್ಗದ ಏಟುಗಳ ನಡುವೆ ನೀವು ಅನ್ನುತ್ತೀರಿ: "ಕೇಳಿದ್ಯಲ್ಲ, ಸುಮ್ನ ಇಟ್ಕೋಬ್ಯಾಡ. ನಿಂದೊಂದು ನಿಮಿಷ ತುಂಬಿ ಮುಂದ ಕಳಸು. ನಂದು ಅಳಿಸಿ ಹೋದ್ರ ಹೋಗ್ಲಿ, ಟೇಪ್ ತಿರಗಬೇಕು."

ದನಿಮನೆಯವರು ಉಳಿದವರ ಸದ್ದನ್ನೆಲ್ಲ ಕೊಳೆ ಎಂದು ತೀರ್ಮಾನಿಸಿದ್ದಾರೆ. ಬಿಡುದಿನ ಮುಗಿದ ಕೂಡಲೇ ನಿಮ್ಮ ನಿಮಿಷವನ್ನಷ್ಟೇ ಕತ್ತರಿಸಿ ಗಾಜಿನೊಳಗೆ ಮುಚ್ಚುತ್ತಾರಂತೆ. ಆಮೇಲೆ ಯಾರೂ ಕೇಳುವಂತಿಲ್ಲ. ನನಗೆ ಮೈಯೆಲ್ಲ ಉರಿಯಿತು. ದನಿಮನೆಯಲ್ಲಿ ನನಗಿಂತ ಹಿರಿಯಳಾದ ನಿಂಗಮ್ಮ, "ಅವರ ಕುರುಹು ಅದೊಂದ ಉಳದೈತಿ, ಮುಟ್ಟಬ್ಯಾಡವಾ," ಎಂದು ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ಆದರೆ ನೀವು ಕಳಿಸು ಅಂದಿದ್ದೀರಿ. ಮೂವತ್ತನೆಯವಳು ನಾನು.

ನಾಲ್ಕು ವರ್ಷ ಮಗ್ಗದ ಮುಂದೆ ಕೂತು ಆ ನಿಮಿಷವನ್ನು ಏಟಿಗೆ ಏಟು ಕಲಿತಿದ್ದೇನೆ. ಇವತ್ತು ಮಧ್ಯಾಹ್ನ, ಊರು ಸದ್ದಿಲ್ಲದಿರುವಾಗ, ಕೈಯಿಂದ ಕೀಲಿ ಕೊಟ್ಟು ತಿರುಗಿಸುವ ಹಳೆಯ ರೆಕಾರ್ಡರಿನ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ, ನಿಮ್ಮ ನಿಮಿಷದ ಮೇಲೆಯೇ ಅದನ್ನು ನನ್ನ ಕೈಯಿಂದ ನುಡಿಸುತ್ತೇನೆ. ಸಂಜೆಯೊಳಗೆ ಟೇಪನ್ನು ನಾನೇ ನಡೆದುಕೊಂಡು ಹೋಗಿ ಪಕ್ಕದೂರಿನ ಕುಂಬಾರಗಿತ್ತಿಯ ಕೈಗಿಡುತ್ತೇನೆ. ಕೆಲಸ ಹೋದರೆ ಹೋಗಲಿ.

ಒಂದು ಕೋರಿಕೆಯಿದೆ. ಕೇಳಿದವರು ಹೆಸರು ಬರೆಯಲೆಂದು ಡಬ್ಬಿಯ ಕಾಗದದಲ್ಲಿ ನೀವು ಮೂವತ್ತು ಗೆರೆ ಎಳೆದಿದ್ದೀರಿ. ಇಪ್ಪತ್ತೊಂಬತ್ತು ತುಂಬಿವೆ. ಕೊನೆಯ ಗೆರೆಯ ಮೇಲೆ ನೀವೇ ಬರೆದ ನಿಮ್ಮ ಹೆಸರಿದೆ. ಸದ್ದು ಅಳಿಸಲು ಗಟ್ಟಿಮನಸ್ಸು ಮಾಡಿದ್ದೇನೆ, ಆ ಹೆಸರನ್ನು ಹೊಡೆದುಹಾಕಲು ಮಾತ್ರ ಕೈ ಏಳುತ್ತಿಲ್ಲ. ಈ ಪತ್ರ ಸಿಕ್ಕಾಗ ಪೆನ್ನು ನಿಮ್ಮ ಕೈಯಲ್ಲಿದ್ದರೆ, ದಯವಿಟ್ಟು ಆ ಗೆರೆಯನ್ನು ನನಗಾಗಿ ಖಾಲಿ ಬಿಡಿ.

ಹೂವಕ್ಕ