ದೊಡ್ಡ ತುಂಡು ಮೊದಲು

ಹ್ಯಾಚರಿಯ ಆಫೀಸು ಕೋಣೆ
ಹದಿನಾಲ್ಕನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ನಿಮ್ಮಮ್ಮನ ಮೊಣಕಾಲು ಹೇಗಿದೆ? ನನಗೇನೂ ಆಗಿಲ್ಲ, ಗಟ್ಟಿಯಾಗಿದ್ದೇನೆ. ನೀನು ನಮ್ಮ ಯಾರ ಫೋನೂ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದವನ್ನು ವ್ಯಾನ್ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ.

ಸೋಮವಾರ ಮೊಟ್ಟೆಗೆ ಕಾವು ಕೊಡುವ ಯಂತ್ರ ತಣ್ಣಗಾದಾಗ ನನ್ನ ಮಗ ಕೆಲಸದವರ ಎದುರಿಗೇ, "ಎಲ್ಲಾ ನಿನ್ನ ಕಂಪ್ಯೂಟರಿನ ಪೈಥಾನ್ ಪ್ರೋಗ್ರಾಮಿನ ಪ್ರತಾಪ" ಅಂದ. ನೀನು ಚೀಲ ಎತ್ತಿಕೊಂಡು ತವರಿಗೆ ಹೊರಟೆ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮೊಟ್ಟೆಗಳಿಗೆ ಮನೆಯ ಕಂಬಳಿಗಳನ್ನೆಲ್ಲ ಹೊದಿಸಿ ಯಂತ್ರದ ಮುಂದೆ ನಿಂತೆ. ಪರದೆಯ ಮೇಲೆ 30465 ಎಂದಿತ್ತು. ನಿನ್ನ ಕಂಪ್ಯೂಟರ್ ಕಳಿಸಿದ್ದು 375, ಅಂದರೆ ಮೂವತ್ತೇಳೂವರೆ ಡಿಗ್ರಿ. ಮೂರು ಸಾವಿರ ಡಿಗ್ರಿ ದಾಟಿದ ಬಿಸಿ ಕೇಳಿದರೆ ಯಾವ ಯಂತ್ರ ತಾನೇ ಒಪ್ಪುತ್ತದೆ? ಕೈಕಟ್ಟಿ ಕೂತುಬಿಟ್ಟಿತ್ತು.

ಹಿಂದೊಮ್ಮೆ ನೀನು ಅಂದದ್ದು ನೆನಪಾಯಿತು: "ಅತ್ತೆ, ಕಂಪ್ಯೂಟರಿನ ಒಂದು ಬೈಟು ಅನ್ನೋ ಡಬ್ಬಿಲಿ ಸೊನ್ನೆಯಿಂದ 255ರ ತನಕ ಮಾತ್ರ ಹಿಡಿಯುತ್ತೆ. ಅದಕ್ಕೇ ದೊಡ್ಡ ಸಂಖ್ಯೆನ ಎರಡು ತುಂಡು ಮಾಡಿ ತಂತಿ ಮೇಲೆ ಕಳಿಸ್ತೀನಿ, ದೊಡ್ಡ ತುಂಡು ಮೊದಲು." ನಾನು ಓದಿದ್ದು ಹೈಸ್ಕೂಲು, ಆದರೆ ಭಾಗಾಕಾರ ಮರೆತಿಲ್ಲ. ಸೊನ್ನೆಯೂ ಸೇರಿದರೆ 256 ಆಯಿತಲ್ಲ, 375ರಲ್ಲಿ 256 ಒಂದು ಸಲ ಹೋಗಿ 119 ಉಳಿಯಿತು. ನೀನು ಮೊದಲು ಒಂದನ್ನು (256ರ ಲೆಕ್ಕದ್ದು, ಅದೇ ದೊಡ್ಡ ತುಂಡು), ಆಮೇಲೆ 119ನ್ನು ಕಳಿಸುತ್ತೀಯ. ಹಿಂದುಮುಂದು ಮಾಡಿ ನೋಡಿದೆ: 119ನ್ನು 256ರಿಂದ ಗುಣಿಸಿ ಒಂದು ಕೂಡಿಸಿದರೆ ಸರಿಯಾಗಿ 30465. ಮಗನನ್ನು ಕೂರಿಸಿ ಹೊಸ ಯಂತ್ರದ ಕೈಪಿಡಿ ಓದಿಸಿದೆ. ಆ ಕಂಪನಿಯ ಯಂತ್ರಕ್ಕೆ ಸಣ್ಣ ತುಂಡೇ ಮೊದಲು ಹೋಗಬೇಕಂತೆ. ನಿನಗೆ ಒಂದು ಮಾತೂ ಹೇಳದೆ ಹಳೆಯದನ್ನು ಕಿತ್ತು ಹೊಸದನ್ನು ಜೋಡಿಸಿದವನು ಅವನೇ ತಾನೇ? ನಿನ್ನ ಪ್ರೋಗ್ರಾಮಿನಲ್ಲಿ ಯಾವ ತುಂಡು ಮೊದಲು ಎಂದು ಹೇಳುವ ಸಾಲಿನಲ್ಲಿ ‘ಬಿಗ್’ ಎಂದಿದ್ದಲ್ಲಿ ‘ಲಿಟಲ್’ ಎಂದು ಅವನ ಕೈಯಲ್ಲೇ ಬರೆಸಿದೆ. ಯಂತ್ರ ಗುಂಯ್ ಎಂದು ಬಿಸಿಯಾಯಿತು.

ಮೊಟ್ಟೆಗಳ ಗತಿ ಇನ್ನೂ ತಿಳಿದಿಲ್ಲ. ಇವತ್ತು ಬೆಳಕಿಗೆ ಹಿಡಿದು ನೋಡಿದೆ. ಕೆಲವು ಸುಮ್ಮನಿವೆ, ಕೆಲವುಗಳೊಳಗೆ ಏನೋ ಅಲುಗಿದ ಹಾಗಿತ್ತು. ಮತ್ತೆ ಮತ್ತೆ ಹೋಗಿ ನೋಡಿ ಬರುತ್ತಿದ್ದೇನೆ. ಮಾಡಿಟ್ಟ ಚಹಾ ಆರಿಹೋಗಿದೆ.

ನಿಮ್ಮಮ್ಮನಿಗೆ ನಾನು ಕೇಳಿದೆನೆಂದು ಹೇಳು. ನೂರು ಕಾಲ ತಲೆಯೆತ್ತಿ ಬಾಳು.

ನಿನ್ನ ಅತ್ತೆ

ಮರೆತಿದ್ದೆ: ನಿನ್ನ ಗಂಡ ಸಂಜೆ ಬಸ್ಸಿಗೆ ಅಲ್ಲಿಗೆ ಬರುತ್ತಿದ್ದಾನೆ. "ಅಮ್ಮ ಕಳಿಸಿದ್ಲು" ಅನ್ನುತ್ತಾನೆ. ಆ ಮಾತಿಗೆ ಎದ್ದು ಬರಬೇಡ. ಕೆಲಸದವರ ಎದುರಿಗೆ ತಪ್ಪು ತನ್ನದೆಂದು ಹೇಳಿದ್ದಾನೆ, ಆದರೆ ಅದನ್ನು ನಾನು ಬಾಗಿಲಲ್ಲಿ ನಿಂತು ಹೇಳಿಸಿದ್ದು. ನಿನ್ನ ಹತ್ತಿರ ಅವನಾಗೇ ಹೇಳಬೇಕು. ಹೇಳದಿದ್ದರೆ ಹೊಟ್ಟೆತುಂಬ ಊಟ ಹಾಕಿ ಒಬ್ಬನನ್ನೇ ವಾಪಸು ಕಳಿಸು. ಆಮೇಲೆ ನಾನೇ ಬರುತ್ತೇನೆ.