ನಾನಿಯ ಟ್ರಂಕು ಮತ್ತು ಕಿಡ್ನಿ

ನವೆಂಬರ್ ೧೮, ಮಂಗಳವಾರ. ಕಡೂರು ಹಾಸ್ಟೆಲ್.

ಬ್ಲಾಗ್ ಡಿಲೀಟ್ ಮಾಡಿಬಿಡಬೇಕೆಂದು ಬೆಳಗ್ಗೆಯಿಂದ ಒದ್ದಾಡುತ್ತಿದ್ದೆ. ನನ್ನ ಅರ್ಧ ಇಂಗ್ಲಿಷ್, ಅರ್ಧ ಕನ್ನಡ ಕೇಳಿದರೆ ಕ್ಲಾಸೇ ನಗುತ್ತದೆ. ಅದೇ ಭಾಷೆಯಲ್ಲಿ, ಹೆಸರು ಹಾಕದೆ, ನರ್ಸಿಂಗ್ ಪಾಠಗಳು ಮರೆತುಹೋಗದಿರಲಿ ಅಂತ ಅದರಲ್ಲಿ ಬರೆದಿಟ್ಟಿದ್ದೇನೆ.

ಊಟಕ್ಕೆ ಕೂತಾಗ ರೂಮ್‌ಮೇಟ್ ಸಂಹಿತಾ, "ಅರ್ಫಾ, ಕಿಡ್ನಿ ಪಾಠ ಅರ್ಥ ಆಯ್ತೇನೇ? ಯಾರೋ ಬ್ಲಾಗಲ್ಲಿ ಹಾಕವ್ರೆ ಕಣೇ. ಅವ್ರಜ್ಜಿ ಹಬ್ಬಕ್ಕೆ ಮುಂಚೆ ಟ್ರಂಕಲ್ಲಿರೋದೆಲ್ಲ ಹೊರಗೆ ಸುರಿದು, ಬೇಕಾದ್ದಷ್ಟೇ ವಾಪಸ್ ಇಡ್ತಾರಂತೆ. ಕಿಡ್ನಿನೂ ಹಂಗೇ ಸೋಸೋದಂತೆ" ಅಂದಳು.

ಅಜ್ಜಂಪುರದಲ್ಲಿರುವ ನನ್ನ ನಾನಿಯ ಟ್ರಂಕು ಅದು. ಅನ್ನ ಕಲಸುತ್ತಿದ್ದ ಕೈ ನಿಂತೇಹೋಯಿತು.

"ಆದ್ರೆ ಒಂದು ವಿಷ್ಯ ಬಿಟ್ಟವ್ರೆ ಕಣೇ," ಅಂತ ಸಂಹಿತಾ ಮುಂದುವರಿಸಿದಳು. " ವಾಪಸ್ ಜೋಡ್ಸೋಕೆ ಅಜ್ಜಿಗೆ ಸುಸ್ತಾಗಲ್ವಾ? ಕಿಡ್ನಿಗೂ ಅದಕ್ಕೇ ಅಷ್ಟೊಂದು ಎನರ್ಜಿ ಬೇಕು."

ಅದು ನನಗೆ ಹೊಳೆದೇ ಇರಲಿಲ್ಲ. ನಾನು ಬಿಟ್ಟುಬಂದ ಮಾತು ಎಲ್ಲೆಲ್ಲೋ ಸುತ್ತಿ, ನನಗಿಂತ ಜಾಣವಾಗಿ ಬೆಳೆದು, ನನ್ನ ತಟ್ಟೆಯ ಮುಂದೆ ಬಂದು ಕೂತಿತ್ತು.

ಅದನ್ನು ಬ್ಲಾಗಿಗೆ ಸೇರಿಸಲೇಬೇಕು. ಅವಳು ಹೇಳಿದ್ದು ನನ್ನೊಬ್ಬಳಿಗೇ; ಅವಳ ಹೆಸರು ಹಾಕಿದರೆ ಬರೆದವಳು ನಾನೆಂದು ಗೊತ್ತಾಗುತ್ತದೆ. ಹಾಕದಿದ್ದರೆ ಕದ್ದಂತೆ.

ರಾತ್ರಿ ರೂಮಿಗೆ ಬಂದು, 'ಇದು ಸಂಹಿತಾ ಹೇಳಿದ್ದು' ಅಂತ ಸೇರಿಸಿ ಪಬ್ಲಿಷ್ ಒತ್ತಿದೆ.

ಬ್ಲಾಗಿನ ನೋಟಿಫಿಕೇಶನ್ ಬಂದು ಪಕ್ಕದ ಮಂಚದಲ್ಲಿ ಅವಳ ಫೋನ್ ಬೆಳಗಿತು. ಓದುತ್ತಿದ್ದಾಳೆ. ಇನ್ನೂ ನಕ್ಕಿಲ್ಲ, ಈಗ ಈ ಕಡೆ ತಿರುಗುತ್ತಿದ್ದಾಳೆ.