ದರ್ಜಿ ಹೊಲಿದ ಕಾಲರು

ಮಾರ್ಚ್ ೧೪, ಶುಕ್ರವಾರ

ನನ್ನ ಗಡಿಯಾರಕ್ಕನಿಗೆ,

ಕ್ರಿಸ್ತನ ಸಮಾಧಾನ ನಿನ್ನ ಮನೆಯಲ್ಲಿರಲಿ, ನಿನ್ನ ಮಂಡಿನೋವು ಮಾತ್ರ ಅಲ್ಲಿಂದ ತೊಲಗಲಿ. ನಿನ್ನ ಕಾಗದ ಬಂದು ತುಂಬಾ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬಯ್ಯಬೇಡ. ಪಾದ್ರಿ ತರಬೇತಿಯ ಸೆಮಿನರಿಯಲ್ಲಿ ಬೆಳಗಿನ ಪ್ರಾರ್ಥನೆಗೆ ನನ್ನ ಹೊದಿಕೆ ಎಳೆದು ಎಬ್ಬಿಸುತ್ತಿದ್ದವಳೇ ನೀನು. ನಾನು ಯಾವ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿದ್ದೇನೆ ಹೇಳು.

ಇಲ್ಲಿ ಹೇಗೋ ನಡೆದುಕೊಂಡು ಹೋಗುತ್ತಿದೆ. ಚರ್ಚಿನ ಚಾವಣಿ ಸರಿಯಾಗಿ ನಾನು ನಿಂತು ಬೋಧಿಸುವ ಜಾಗದಲ್ಲೇ ಸೋರುತ್ತದೆ, ಬೇರೆ ಎಲ್ಲೂ ಇಲ್ಲ. ಹಾಡುವ ಗುಂಪಿನ ಅಕ್ಕತಂಗಿಯರು ಮುಂದಿನ ಸಾಲಿಗಾಗಿ ಜಗಳವಾಡಿ, ಈಗ ಒಂದೇ ಹಾಡನ್ನು ಬೇರೆ ಬೇರೆ ವೇಗದಲ್ಲಿ ಹಾಡುತ್ತಾರೆ. ರಾಜಿ ಮಾಡಿಸಲು ಹೋಗಿ ಇಬ್ಬರಿಂದಲೂ ಬೈಸಿಕೊಂಡೆ.

ಆಸ್ಪತ್ರೆಯಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದಾನೆ. ಬೆನ್ನು ಮುರಿದಿದೆ, ಇನ್ನು ನಡೆಯುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಮೊನ್ನೆ ಕೇಳಿದ, "ದಿನಾ ಬಂದು ಪ್ರಾರ್ಥನೆ ಮಾಡ್ತೀರಲ್ಲ ಪಾದ್ರಿಯಮ್ಮ, ನಿಮ್ಮ ದೇವರು ಕೇಳಿಸ್ಕೊಳ್ತಾನಾ?"

"ಕೇಳಿಸ್ಕೊಳ್ತಾನೆ," ಅಂದೆ.

"ಹಾಗಾದ್ರೆ ಸುಮ್ನೆ ಯಾಕಿದಾನೆ?"

ಅವನ ಕಾಲ ಮೇಲಿನ ಹೊದಿಕೆ ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು. "ನಾಳೆ ಬರ್ತೀರಾ?" ಎಂದು ಕೇಳಿದ. ಬರುತ್ತೇನೆ ಎಂದೆ. ನನ್ನ ಕೈಲಾದದ್ದು ಅಷ್ಟೇ.

ನಮ್ಮ ಯಜಮಾನರು, ದರ್ಜಿ ಮಹಾಶಯರು, ಹೇಗಿದ್ದಾರೆ ಎಂದು ಕೇಳಿದ್ದೀಯ. ಊಟ ನಿದ್ದೆಗೆ ತೊಂದರೆಯಿಲ್ಲ. ಮರೆವು ಹೆಚ್ಚಾಗಿದೆ. ಸೂಜಿಗೆ ದಾರ ಪೋಣಿಸಿ, ಯಾಕೆ ಪೋಣಿಸಿದೆ ಎಂದು ಅದನ್ನೇ ನೋಡುತ್ತಾ ಕೂರುತ್ತಾರೆ. ನಾನು ಹೊರಗೆ ಹೋದಾಗ ಪಕ್ಕದ ಮನೆಯ ನರ್ಸಮ್ಮ ಬಂದು ಜೊತೆಗಿರುತ್ತಾರೆ. ಆದರೆ ಬಾಗಿಲು ತೆರೆಯುವ ಅಧಿಕಾರವನ್ನು ಮಾತ್ರ ನಮ್ಮವರು ಇನ್ನೂ ಬಿಟ್ಟುಕೊಟ್ಟಿಲ್ಲ. ನಿನಗೆ ನೆನಪಿದೆಯಲ್ಲ, ನಾನಿಲ್ಲದಾಗ ಯಾರು ಬಂದು ತಟ್ಟಿದರೂ ಅದೇ ಮಾತು: "ಪಾದ್ರಿಯಮ್ಮ ಈಗಷ್ಟೇ ಹೋದ್ರು, ಕೂಗಿದ್ರೆ ಸಿಗ್ತಾರೆ." ನಾನು ಹೋಗಿ ಅರ್ಧ ದಿನವಾಗಿದ್ದರೂ ಹಾಗೆಯೇ ಹೇಳುವರು. "ಕಷ್ಟ ಅಂತ ಬಂದಿರ್ತಾರೆ ಪಾಪ, ಇಲ್ಲ ಅಂತ ಹೇಗೆ ಹೇಳೋದು?" ಎಂದು ಅವರ ವಾದ. ನೀನೂ ಒಮ್ಮೆ ಆ ಮಾತು ನಂಬಿ, ನನ್ನನ್ನು ಕೂಗುತ್ತಾ ಬೀದಿಯ ಕೊನೆಯವರೆಗೆ ಓಡಿದ್ದೆ.

ಈಗ ನಿನ್ನ ಬೈಗುಳಕ್ಕೆ ಬರುತ್ತೇನೆ. "ಊರವರ ಸೇವೆ ಸಾಕು, ಕೊರಳಿನ ಆ ಪಾದ್ರಿ ಕಾಲರು ಬಿಚ್ಚಿಟ್ಟು ಗಂಡನ ಪಕ್ಕ ಕೂತ್ಕೋ" ಎಂದು ಬರೆದಿದ್ದೀಯ. ಬಿಷಪ್ಪರೂ ಅದನ್ನೇ ಮೆತ್ತಗೆ ಹೇಳಿದರು: "ಯೋಚನೆ ಮಾಡಿ ತಿಳಿಸಿ, ನಿಮ್ಮ ಜಾಗಕ್ಕೆ ಬೇರೆಯವರನ್ನ ಕಳಿಸ್ತೀನಿ." ನನಗೂ ಸಾಕಾಗಿದೆ ಕಣೇ. ಯಾರದೋ ಮಂಚದ ಪಕ್ಕ ಕೂತು ಧೈರ್ಯ ಹೇಳುವಾಗ ಮನಸ್ಸೆಲ್ಲ ನಮ್ಮ ಮನೆಯಲ್ಲೇ ಇರುತ್ತದೆ. ಆದರೂ ಬಿಡಲಾಗುವುದಿಲ್ಲ ಎಂದು ಹೇಳಿಬಿಟ್ಟೆ. ಡ್ರೈವರ್‌ಗೆ ಮಾತು ಕೊಟ್ಟಿದ್ದೇನೆ, ಚಾವಣಿ ರಿಪೇರಿಯಾಗಬೇಕು, ಹೀಗೆ ಏನೇನೋ ಕಾರಣ ಕೊಟ್ಟೆ. ಬಿಷಪ್ಪರು ನಂಬಿದರು. ನೀನು ನಂಬುವವಳಲ್ಲ.

ಮಕ್ಕಳಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ. ಕರ್ತನು ನಿನ್ನನ್ನು ಕಾಯಲಿ. ನಿನ್ನ ಮನೆಯವರು ಕೊನೆತನಕ ನಿನ್ನ ಹೆಸರು ಹಿಡಿದು ಕರೆಯುತ್ತಿರಲಿ.

ನಿನ್ನ
ಗುಡುಗು

ತಾ.ಕ.: ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ? ನಾನು ಹೆಂಡತಿ ಎಂಬುದೇ ಅವರಿಗೆ ಮರೆತುಹೋಗಿದೆ. ಬರಿಗೊರಳಲ್ಲಿ ಎದುರು ಬಂದರೆ, ಯಾರೋ ಹೊರಗಿನವಳೆಂದು ಸಂಕೋಚದಿಂದ ಎದ್ದು ನಿಲ್ಲುತ್ತಾರೆ. ಅವರೇ ಹೊಲಿದುಕೊಟ್ಟ ಬಿಳಿ ಕಾಲರು ಹಾಕಿಕೊಂಡರೆ ಮಾತ್ರ "ಬನ್ನಿ ಪಾದ್ರಿಯಮ್ಮ" ಎಂದು ಮುಖ ಅರಳುತ್ತದೆ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಸೇವೆ ಬಿಟ್ಟರೆ ಚರ್ಚು ಕೊಟ್ಟಿರುವ, ಅವರಿಗೆ ಗುರುತಿರುವ ಈ ಮನೆಯನ್ನೂ ಬಿಡಬೇಕು, ಕಾಲರು ಬರೀ ವೇಷವಾಗುತ್ತದೆ. ಆಮೇಲೆ ನಾನು ಅವರಿಗೆ ಯಾರು?

ನಿನ್ನೆ ಸಂಜೆ ಕೈ ಹಿಡಿದುಕೊಂಡು ಹೇಳಿದರು, "ನಮ್ಮನೆಯವಳು ಆಸ್ಪತ್ರೆ, ಸಾವಿನ ಮನೆ ಅಂತ ಓಡಾಡ್ತಾನೇ ಇರ್ತಾಳೆ ಪಾದ್ರಿಯಮ್ಮ. ಇನ್ನೂ ಬಂದಿಲ್ಲ. ಸುಖವಾಗಿ ಮನೆ ಸೇರ್ಲಿ ಅಂತ ಒಂದು ಪ್ರಾರ್ಥನೆ ಮಾಡಿ." ಮಾಡಿದೆ. ನಡುವೆ ನಾನು ಒಂದೇ ಸಾಲನ್ನು ಎರಡು ಸಲ ಹೇಳಿದಾಗ ಅವರೇ ಆಮೆನ್ ಎಂದು ಮುಗಿಸಿದರು. ಆಮೇಲೆ, "ನೀವಿನ್ನು ಹೊರಡಿ, ಅವಳು ಹಸಿದು ಬರ್ತಾಳೆ, ತಟ್ಟೆ ಇಡ್ಬೇಕು" ಎಂದು ನನ್ನನ್ನು ಬಾಗಿಲವರೆಗೆ ಕಳಿಸಿಕೊಟ್ಟು ಕದ ಹಾಕಿಕೊಂಡರು.

ಮೆಟ್ಟಿಲ ಮೇಲೆ ನಿಂತೆ. ಅವರು ಕಾಯುತ್ತಿದ್ದದ್ದು ನನ್ನನ್ನೇ ಅಲ್ಲವೇ? ಆಸೆ ಹುಟ್ಟಿತು ಕಣೇ. ಕಾಲರು ಬಿಚ್ಚಿ ಮುಷ್ಟಿಯಲ್ಲಿ ಮಡಚಿಕೊಂಡು, ಕೂದಲು ನೇವರಿಸಿಕೊಂಡು, ಬಾಗಿಲು ತಟ್ಟಿದೆ. ಕೂಡಲೇ ತೆರೆದರು. ಒಳಗೆ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ದರು. ನನ್ನ ಮುಖ ನೋಡಿ ಅವರಿಗೆ ಅಯ್ಯೋ ಅನ್ನಿಸಿರಬೇಕು.

"ಪಾದ್ರಿಯಮ್ಮ ಈಗಷ್ಟೇ ಹೋದ್ರು," ಎಂದರು, "ಕೂಗಿದ್ರೆ ಸಿಗ್ತಾರೆ."